ಉಕ್ಕಿನ ಊರಿಗೆ ಕ್ಯಾಮೆರಾ ಹಿಡಿದು ಹೋಗುವವರಿಗೆ: ಮಂಗಳೂರಿನಿಂದ ಒಂದು ಕೈಪಿಡಿ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ನಾಲ್ಕೈದು ತಿಂಗಳು ಇದ್ದು ಬರುವವರು ಮಂಗಳೂರು, ಉಡುಪಿಗಳಲ್ಲಿ ಈಗ ಬೀದಿಗೊಬ್ಬರಾದರೂ ಸಿಗುತ್ತಾರೆ. ಅವರಲ್ಲಿ ಅನೇಕರು ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದ ಹೊರವಲಯದ ಪೆನ್ ಹಿಲ್ಸ್‌ನಲ್ಲಿರುವ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ ಕೈಮುಗಿದು, ಪ್ರಸಾದ ತೆಗೆದುಕೊಂಡು, ಹೆದ್ದಾರಿ ಹಿಡಿದು ಮರಳುತ್ತಾರೆ. ಆ ದೇವಸ್ಥಾನದಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದಾದ ಬ್ರಾಡಕ್ ಎಂಬ ಊರಿದೆ. ಮೊನೊಂಗಹೀಲಾ ನದಿಯ ದಂಡೆಯ ಈ ಊರಿನಲ್ಲಿ 1875ರಲ್ಲಿ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯ ಎಡ್ಗರ್ ಥಾಮ್ಸನ್ ಉಕ್ಕಿನ ಕಾರ್ಖಾನೆ ಆರಂಭವಾಯಿತು. 1920ರ ಜನಗಣತಿಯ ಹೊತ್ತಿಗೆ ಇಲ್ಲಿ 20,000ಕ್ಕೂ ಹೆಚ್ಚು ಜನರಿದ್ದರು. 2020ರಲ್ಲಿ 2,000 ಮಂದಿಯೂ ಉಳಿದಿರಲಿಲ್ಲ.

ಛಾಯಾಗ್ರಹಣದಲ್ಲಿ ಆಸಕ್ತಿಯುಳ್ಳ ನಮ್ಮವರು ಇಂಥ ಊರಿಗೆ ಹೋದರೆ ಏನನ್ನು ನೋಡಬೇಕು, ಎಲ್ಲಿ ನಿಲ್ಲಬೇಕು, ಯಾರನ್ನು ಏನು ಕೇಳಬೇಕು ಎಂಬುದನ್ನು ತಿಳಿಸುವುದಕ್ಕಾಗಿ ಈ ಬರಹ. ಪಾಳುಬಿದ್ದ ಗೋಡೆ, ಒಡೆದ ಗಾಜು, ತುಕ್ಕು ಹಿಡಿದ ಗೇಟು ಇವುಗಳ ಚಿತ್ರ ತೆಗೆಯುವುದಕ್ಕೆ ಯಾವ ಕೈಪಿಡಿಯೂ ಬೇಕಾಗಿಲ್ಲ; ಅಂಥ ಚಿತ್ರಗಳು ಸಾವಿರಗಟ್ಟಲೆ ಬಂದಿವೆ, ಮತ್ತು ಡೆಟ್ರಾಯಿಟ್‌ನಂಥ ನಗರಗಳ ನಿವಾಸಿಗಳು ಅವುಗಳ ಬಗ್ಗೆ ಬಹಿರಂಗವಾಗಿಯೇ ಬೇಸರ ತೋಡಿಕೊಂಡಿದ್ದಾರೆ. ಕಷ್ಟವಿರುವುದು ಕೆಲಸವೊಂದು ಊರಿನ ಬದುಕನ್ನು ಹೇಗೆ ಕಟ್ಟಿತು, ಅದು ಕುಗ್ಗಿದಾಗ ಯಾರ ಪಾಲಿಗೆ ಏನು ಇಲ್ಲವಾಯಿತು ಎಂಬುದು ಚಿತ್ರದಲ್ಲಿ ಕಾಣುವಂತೆ ಮಾಡುವುದರಲ್ಲಿ. ಈ ಕಷ್ಟದ ಕೆಲಸಕ್ಕೆ ಕರಾವಳಿಯವರಲ್ಲಿ ಒಂದು ಪೂರ್ವಸಿದ್ಧತೆ ಆಗಲೇ ಇದೆ ಎಂದು ನಾನು ನಂಬುತ್ತೇನೆ, ಏಕೆಂದರೆ ನಾವು ಹಂಚಿನ ಕಾರ್ಖಾನೆಗಳ ಊರಿನವರು.

ಮೊದಲ ಪಾಠ ಜೆಪ್ಪುವಿನಲ್ಲಿ

ವಿಮಾನ ಹತ್ತುವ ಮೊದಲು ಕೆಲವು ವಾರಗಳನ್ನು ಇಲ್ಲಿಯೇ ಅಭ್ಯಾಸಕ್ಕೆ ಮೀಸಲಿಡಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿತು. ಮುಂದೆ ಕುದ್ರೋಳಿಯಲ್ಲಿ, ಮಲ್ಪೆಯಲ್ಲಿ ಅದರದೇ ಕಾರ್ಖಾನೆಗಳು ಬಂದವು, ಸ್ಥಳೀಯರೂ ನದಿ ದಂಡೆಯುದ್ದಕ್ಕೂ ಕಾರ್ಖಾನೆಗಳನ್ನು ಕಟ್ಟಿದರು. ಅವುಗಳಲ್ಲಿ ಬಹುಪಾಲು ಈಗ ಮುಚ್ಚಿವೆ. ಕಾಂಕ್ರೀಟ್ ತಾರಸಿ ಅಗ್ಗವೂ ಪ್ರತಿಷ್ಠೆಯೂ ಆಯಿತು, ಗದ್ದೆಯ ಜೇಡಿಮಣ್ಣು ಸಿಗುವುದು ಕಷ್ಟವಾಯಿತು, ಸೌದೆಯ ಬೆಲೆ ಏರಿತು, ಮುಂದಿನ ತಲೆಮಾರು ಬೇರೆ ಕೆಲಸ ಹಿಡಿಯಿತು, ನದಿ ದಂಡೆಯ ಜಾಗದ ಬೆಲೆ ಅಲ್ಲಿ ತಯಾರಾಗುವ ಸರಕಿನ ಬೆಲೆಯನ್ನು ಮೀರಿಸಿತು.

ಮೋರ್ಗನ್ಸ್‌ಗೇಟ್‌ನಿಂದ ನೇತ್ರಾವತಿಯ ಕಡೆಗೆ, ಅಲ್ಲಿಂದ ಬೋಳಾರ, ಹೊಯಿಗೆ ಬಜಾರ್ ಕಡೆಗೆ ಕ್ಯಾಮೆರಾ ಚೀಲದಲ್ಲೇ ಇಟ್ಟುಕೊಂಡು ಒಮ್ಮೆ ನಡೆಯಿರಿ. ನಡೆಯುವಾಗ ಒಂದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಈ ಕಾರ್ಖಾನೆ ಇಲ್ಲಿಯೇ ಏಕೆ ಇದೆ? ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ದೋಣಿಯಲ್ಲೇ ಬಂದರಿಗೆ ಹೋಗುತ್ತಿತ್ತು, ಆದ್ದರಿಂದ ಕಾರ್ಖಾನೆ ನೀರಿನ ಅಂಚಿಗೆ ಬಂತು. ಕೆಲಸಗಾರರು ನಡೆದು ಬರುವ ದೂರದಲ್ಲಿ ಮನೆ ಮಾಡಿದರು. ಮನೆಗಳ ಸುತ್ತ ಚರ್ಚು, ಶಾಲೆ, ದೈವಸ್ಥಾನ, ಚಾದಂಗಡಿ, ಸಂಘದ ಕಚೇರಿ ಹುಟ್ಟಿದವು. ಈ ಜೋಡಣೆಯನ್ನು ಕಾಲಿನಿಂದ ಕಲಿತವರಿಗೆ ಬ್ರಾಡಕ್ ಅಪರಿಚಿತವೆನಿಸದು. ಅಲ್ಲಿಯೂ ಕಲ್ಲಿದ್ದಲು ಮತ್ತು ಅದರಿಂದ ಮಾಡಿದ ಕೋಕ್ ಎಂಬ ಇಂಧನ ನದಿಯ ದೋಣಿಗಳಲ್ಲಿ ಬರುತ್ತಿದ್ದ ಕಾರಣ ಕಾರ್ಖಾನೆ ದಂಡೆಯ ಸಮತಟ್ಟನ್ನೆಲ್ಲ ಆಕ್ರಮಿಸಿತು, ಉಳಿದ ಇಳಿಜಾರಿನಲ್ಲಿ ಮನೆಗಳು ಹತ್ತಿಕೊಂಡು ಹೋದವು, ಸ್ಲೋವಾಕ್, ಕ್ರೊಯೇಷಿಯನ್, ಹಂಗೇರಿಯನ್ ಹೀಗೆ ಬಂದ ಒಂದೊಂದು ಸಮುದಾಯವೂ ತನ್ನದೇ ಚರ್ಚನ್ನೂ ಕ್ಲಬ್ಬನ್ನೂ ಕಟ್ಟಿಕೊಂಡಿತು, ದಕ್ಷಿಣದ ರಾಜ್ಯಗಳಿಂದ ಕಪ್ಪು ಕಾರ್ಮಿಕರು ಬಂದು ಸೇರಿದರು.

ಅಭ್ಯಾಸಕ್ಕೆ ಒಂದು ಹಂಚನ್ನು ಕೈಗೆತ್ತಿಕೊಳ್ಳಿ. ಮನೆ ಕೆಡವಿದಲ್ಲಿ ರಾಶಿ ಹಾಕಿದ ಹಳೆಯ ಹಂಚು ಎಲ್ಲಿಯಾದರೂ ಸಿಗುತ್ತದೆ. ಬೆನ್ನಿನ ಕಡೆ ತಿರುಗಿಸಿದರೆ ಕಾರ್ಖಾನೆಯ ಹೆಸರು, ಊರು, ಅದರ ಗುರುತಿನ ಮುದ್ರೆ ಉಬ್ಬಕ್ಷರದಲ್ಲಿ ಕಾಣುತ್ತವೆ. ಪಕ್ಕಾಸಿನ ಮೇಲಿನ ರೀಪಿಗೆ ಸಿಕ್ಕಿಸುವ ಗುಬಟು, ಒಂದು ಹಂಚು ಇನ್ನೊಂದರ ಮೇಲೆ ಕೂತಿದ್ದ ಕಡೆ ಬಣ್ಣ ಕಂದದೆ ಉಳಿದ ಪಟ್ಟಿ, ಮಳೆ ಬಿದ್ದ ಭಾಗದ ಕಪ್ಪು ಪಾಚಿ, ಇವೆಲ್ಲ ಒಂದು ಅಡಿಗಿಂತ ತುಸು ಹೆಚ್ಚು ಉದ್ದದ ಮಣ್ಣಿನ ಮೇಲೆ ಇವೆ. ಎದುರಿನಿಂದ ಬೆಳಕು ಬಿದ್ದರೆ ಅಕ್ಷರ ಮಾಯವಾಗುತ್ತದೆ. ಬೆಳಿಗ್ಗೆ ಏಳೂವರೆಯ ಬಿಸಿಲಿನಲ್ಲಿ ಹಂಚನ್ನು ನೆಲದ ಮೇಲೆ ಮಲಗಿಸಿ, ಬೆಳಕು ಅದರ ಮೈಯನ್ನು ಸವರಿಕೊಂಡು ಹೋಗುವಂತೆ ತಿರುಗಿಸಿದಾಗ ಉಬ್ಬಿನ ಒಂದು ಬದಿ ಹೊಳೆದು ಇನ್ನೊಂದು ಬದಿ ನೆರಳಾಗಿ, ಸವೆದ ಹೆಸರೂ ಓದಲು ಬರುತ್ತದೆ. ಬಿಸಿಲಿಲ್ಲದಿದ್ದರೆ ಕೈಬ್ಯಾಟರಿಯನ್ನು ನೆಲದ ಮಟ್ಟದಲ್ಲಿ ಪಕ್ಕದಿಂದ ಹಿಡಿದರೂ ಸಾಕು. ಇದೇ ವಿಧಾನ ಪೆನ್ಸಿಲ್ವೇನಿಯಾದಲ್ಲಿ ಇಟ್ಟಿಗೆಯ ಮುದ್ರೆ, ಬೀದಿಯ ಮ್ಯಾನ್‌ಹೋಲ್ ಮುಚ್ಚಳ, ಗೋರಿಕಲ್ಲಿನ ಹೆಸರು, ತಯಾರಿಸಿದ ಕಾರ್ಖಾನೆಯ ಹೆಸರೂ ವರ್ಷವೂ ಪಕ್ಕದಲ್ಲಿ ಉಬ್ಬಿರುವ ರೈಲು ಕಂಬಿ, ಎಲ್ಲದಕ್ಕೂ ಕೆಲಸ ಮಾಡುತ್ತದೆ. ಎಡ್ಗರ್ ಥಾಮ್ಸನ್ ಕಾರ್ಖಾನೆ ಹುಟ್ಟಿದ್ದೇ ರೈಲು ಕಂಬಿ ತಯಾರಿಸುವುದಕ್ಕಾಗಿ. ಆದರೆ ಕಂಬಿಯ ಚಿತ್ರಕ್ಕೆ ವಸ್ತುಸಂಗ್ರಹಾಲಯದ ಅಂಗಳಗಳನ್ನು ಹುಡುಕಿ, ಹಳಿಯ ಮೇಲೆ ಹೋಗಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಊರನ್ನು ಕಾಗದದಲ್ಲಿ ಓದುವುದು

ಒಂದು ಪ್ರವಾಸಕ್ಕೆ ಒಂದೇ ಊರನ್ನು ಆಯ್ದುಕೊಳ್ಳಬೇಕು. ಬ್ರಾಡಕ್, ಹೋಮ್‌ಸ್ಟೆಡ್, ಯಂಗ್ಸ್‌ಟೌನ್, ಬೆತ್ಲೆಹೆಮ್, ಗ್ಯಾರಿ ಇವುಗಳನ್ನೆಲ್ಲ ಒಂದು ವಾರದಲ್ಲಿ ಸುತ್ತಿದರೆ ಎಲ್ಲ ಊರುಗಳೂ ಒಂದೇ ತುಕ್ಕಿನ ಬಣ್ಣದವಾಗಿ ಕಾಣುತ್ತವೆ. ನಿಜದಲ್ಲಿ ಒಂದೊಂದರ ಕಥೆಯೂ ಬೇರೆ. ಯಂಗ್ಸ್‌ಟೌನ್‌ನಲ್ಲಿ ಕುಸಿತಕ್ಕೆ ಒಂದು ದಿನಾಂಕವೇ ಇದೆ: 1977ರ ಸೆಪ್ಟೆಂಬರ್ 19ರ ಸೋಮವಾರ ಕ್ಯಾಂಪ್‌ಬೆಲ್ ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ ಹೊರಬಿತ್ತು, ಸುಮಾರು 5,000 ಜನರ ಕೆಲಸ ಹೋಯಿತು, ಆ ದಿನವನ್ನು ಅಲ್ಲಿಯವರು ಇಂದಿಗೂ ಕರಾಳ ಸೋಮವಾರವೆಂದೇ ಕರೆಯುತ್ತಾರೆ. 1892ರ ಮುಷ್ಕರದಿಂದ ಕಾರ್ಮಿಕ ಚರಿತ್ರೆಯಲ್ಲಿ ಹೆಸರಾದ ಹೋಮ್‌ಸ್ಟೆಡ್‌ನ ಕಾರ್ಖಾನೆ 1986ರಲ್ಲಿ ಮುಚ್ಚಿತು. ಆ ನೆಲದಲ್ಲಿ ಈಗ ಅಂಗಡಿ ಸಂಕೀರ್ಣವಿದ್ದು, ಸಾಲಾಗಿ 12 ಇಟ್ಟಿಗೆ ಚಿಮ್ನಿಗಳನ್ನು ಉಳಿಸಿಕೊಂಡಿದ್ದಾರೆ. ಬೆತ್ಲೆಹೆಮ್‌ನಲ್ಲಿ 1995ರಲ್ಲಿ ಉಕ್ಕಿನ ತಯಾರಿಕೆ ನಿಂತಿತು, ಅದಿರು ಕರಗಿಸುತ್ತಿದ್ದ ಬ್ಲಾಸ್ಟ್ ಫರ್ನೇಸ್ ಎಂಬ ಎತ್ತರದ ಕುಲುಮೆಗಳು ಕಲಾಕೇಂದ್ರವೊಂದರ ಹಿನ್ನೆಲೆಯಾಗಿ ನಿಂತಿವೆ. ಉಕ್ಕಿನ ಕಂಪನಿಯೊಂದು 1906ರಲ್ಲಿ ತನಗಾಗಿಯೇ ಕಟ್ಟಿದ ಗ್ಯಾರಿ ನಗರದಲ್ಲಿ 1960ರಲ್ಲಿ 1,78,000ಕ್ಕೂ ಮಿಕ್ಕಿ ಜನರಿದ್ದರು, 2020ರಲ್ಲಿ ಸುಮಾರು 69,000. ಬ್ರಾಡಕ್‌ನ ಕಾರ್ಖಾನೆಯಾದರೋ ಇಂದಿಗೂ ನಡೆಯುತ್ತಿದೆ. ಊರು ಬರಿದಾಗಿದೆ, ಕುಲುಮೆ ಉರಿಯುತ್ತಿದೆ, ಹೊಗೆ ಉಳಿದವರ ಮನೆಯ ಮೇಲೆಯೇ ಹೋಗುತ್ತಿದೆ. ಇದನ್ನು ತಿಳಿಯದೆ ಹೋದವರು ಸತ್ತ ಊರಿನ ಚಿತ್ರ ತೆಗೆದುಕೊಂಡು ಬರುತ್ತಾರೆ, ಮತ್ತು ಆ ಚಿತ್ರ ಸುಳ್ಳಾಗುತ್ತದೆ.

ಕಾರಣಗಳನ್ನೂ ಓದಿಕೊಂಡಿರಬೇಕು. ಆಮದಾದ ಉಕ್ಕು, ಹೊಸದಾಗಿಸದೆ ಬಿಟ್ಟ ಹಳೆಯ ಕುಲುಮೆಗಳು, ಗುಜರಿ ಕರಗಿಸುವ ಸಣ್ಣ ವಿದ್ಯುತ್ ಕುಲುಮೆಗಳ ಪೈಪೋಟಿ, ಕಡಿಮೆ ಜನರಿಂದ ಹೆಚ್ಚು ಉಕ್ಕು ತೆಗೆಯುವ ಯಂತ್ರಗಳು, ಇವೆಲ್ಲ ಸೇರಿ 1970 ಮತ್ತು 1980ರ ದಶಕಗಳಲ್ಲಿ ಕೆಲಸವನ್ನು ಕಿತ್ತುಕೊಂಡವು. ಆದರೆ ಬ್ರಾಡಕ್‌ನ ಜನಸಂಖ್ಯೆ ಅದಕ್ಕಿಂತ ಬಹಳ ಮೊದಲೇ ಇಳಿಯತೊಡಗಿತ್ತು. ಎರಡನೆಯ ಮಹಾಯುದ್ಧದ ಬಳಿಕ ಕಾರು ಮತ್ತು ಗೃಹಸಾಲ ದೊರೆತ ಬಿಳಿಯ ಕುಟುಂಬಗಳು ಹೊರವಲಯದ ಹೊಸ ಬಡಾವಣೆಗಳಿಗೆ ಹೋದವು. ಕಪ್ಪು ಕುಟುಂಬಗಳಿಗೆ ಅಂಥ ಸಾಲವನ್ನೂ ಅಂಥ ಬಡಾವಣೆಯ ಮನೆಯನ್ನೂ ನಿರಾಕರಿಸಲಾಯಿತು. ಯಾವ ಬೀದಿಗೆ ಸಾಲ ಕೊಡಬಾರದೆಂದು ಕೆಂಪು ಬಳಿದು ತೋರಿಸಿದ 1930ರ ದಶಕದ ನಕ್ಷೆಗಳು ಇಂದು ಅಂತರ್ಜಾಲದಲ್ಲಿ ಎಲ್ಲರಿಗೂ ಲಭ್ಯವಿವೆ. ಆ ನಕ್ಷೆಯನ್ನು ನೋಡಿದ ಬಳಿಕ ಬೀದಿಯೊಂದರ ಖಾಲಿ ನಿವೇಶನಗಳ ಸಾಲು ಬೇರೆಯೇ ಆಗಿ ಕಾಣುತ್ತದೆ.

ಇನ್ನೆರಡು ಆಕರಗಳು ಬಹಳ ಉಪಯುಕ್ತ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಜಾಲತಾಣದಲ್ಲಿ ಸ್ಯಾನ್‌ಬಾರ್ನ್ ಎಂಬ ಹಳೆಯ ಅಗ್ನಿವಿಮಾ ನಕ್ಷೆಗಳನ್ನು ಉಚಿತವಾಗಿ ಇಟ್ಟಿದೆ. ಇವುಗಳಲ್ಲಿ ಪ್ರತಿ ಕಟ್ಟಡವನ್ನೂ ಅಳತೆಯೊಂದಿಗೆ ಗುರುತಿಸಿದ್ದು, ಇಟ್ಟಿಗೆಯದಕ್ಕೆ ಗುಲಾಬಿ, ಮರದ್ದಕ್ಕೆ ಹಳದಿ ಬಣ್ಣವಿದೆ. ಯಾವ ಮೂಲೆಯಲ್ಲಿ ಅಂಗಡಿ, ಎಲ್ಲಿ ಸಭಾಭವನವಿತ್ತು ಎಂಬುದೂ ತಿಳಿಯುತ್ತದೆ. ಅದೇ ಗ್ರಂಥಾಲಯದಲ್ಲಿ 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಿಂದ ಸರ್ಕಾರವೇ ತೆಗೆಸಿದ ಚಿತ್ರಗಳ ದೊಡ್ಡ ಸಂಗ್ರಹವಿದೆ. ವಾಕರ್ ಎವನ್ಸ್ 1935ರ ನವೆಂಬರ್‌ನಲ್ಲಿ ಬೆತ್ಲೆಹೆಮ್‌ನಲ್ಲಿ ತೆಗೆದ ಚಿತ್ರವೊಂದನ್ನು ನಿಧಾನವಾಗಿ ನೋಡಿ: ಮುಂದೆ ಗೋರಿಯ ಕಲ್ಲಿನ ಶಿಲುಬೆ, ನಡುವೆ ಕಾರ್ಮಿಕರ ಮನೆಗಳು, ಹಿಂದೆ ಉಕ್ಕಿನ ಕಾರ್ಖಾನೆಯ ಚಿಮ್ನಿಗಳು. ದೂರದಿಂದ ಉದ್ದನೆಯ ಲೆನ್ಸಿನಲ್ಲಿ ನೋಡಿದ್ದರಿಂದ ಮೂರೂ ಒತ್ತೊತ್ತಾಗಿ ನಿಂತಿವೆ, ಮತ್ತು ಒಬ್ಬ ಕಾರ್ಮಿಕನ ಇಡೀ ಆಯುಷ್ಯದ ದಾರಿ ಒಂದೇ ಚೌಕಟ್ಟಿನೊಳಗೆ ಬಂದಿದೆ. ಜಾಕ್ ಡೆಲಾನೊ 1941ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ಮತ್ತು ಅಲಿಕ್ವಿಪಾ ಸುತ್ತ ತೆಗೆದ ಚಿತ್ರಗಳೂ ಅಲ್ಲಿವೆ.

ಬೆಳಕು, ಚಳಿ, ಸಲಕರಣೆ

ಒಂದು ಕ್ಯಾಮೆರಾ, 35 ಎಂಎಂ ಲೆನ್ಸ್ ಒಂದು, ದೂರದ ಮನೆಗಳನ್ನೂ ಕಾರ್ಖಾನೆಯನ್ನೂ ಹತ್ತಿರ ತರಬಲ್ಲ 85 ಅಥವಾ 135 ಎಂಎಂ ಲೆನ್ಸ್ ಒಂದು, ಗಟ್ಟಿಯಾದ ಟ್ರೈಪಾಡ್, ಇಷ್ಟು ಸಾಕು. ಒಳ್ಳೆಯ ಮೊಬೈಲಿನಿಂದಲೂ ಈ ಕೆಲಸ ನಡೆಯುತ್ತದೆ, ಆದರೆ ಅದರ ಅತಿ ಅಗಲದ ಲೆನ್ಸನ್ನು ಬಳಸಬೇಡಿ; ಅದು ಚಿಮ್ನಿಯನ್ನು ಓರೆಯಾಗಿಸಿ, ಇಳಿಜಾರಿನ ಮನೆಗಳನ್ನು ದೂರಕ್ಕೆ ತಳ್ಳಿ, ಮನೆಗೂ ಕಾರ್ಖಾನೆಗೂ ಇರುವ ನಿಜವಾದ ಅಂತರವನ್ನು ಕೆಡಿಸುತ್ತದೆ.

ನಮ್ಮ ಕಣ್ಣು ಮಂಗಳೂರಿನ ಬೆಳಕಿಗೆ ಒಗ್ಗಿದೆ. ಡಿಸೆಂಬರ್ ನಡುಹಗಲಲ್ಲಿ ಇಲ್ಲಿ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಮೇಲಿದ್ದರೆ, ಪಿಟ್ಸ್‌ಬರ್ಗ್‌ನಲ್ಲಿ 26 ಡಿಗ್ರಿಯಷ್ಟೇ ಏರುತ್ತಾನೆ. ಎಂದರೆ ಅಲ್ಲಿ ಚಳಿಗಾಲದ ಬಿಸಿಲಿದ್ದ ದಿನ ಇಡೀ ಹಗಲೂ ನಮ್ಮ ಸಂಜೆಯ ಬೆಳಕೇ. ಆದರೆ ಸಂಜೆ ಐದರ ಹೊತ್ತಿಗೆ ಕತ್ತಲಾಗುತ್ತದೆ, ಮತ್ತು ಬಹುತೇಕ ದಿನ ಮೋಡವಿರುತ್ತದೆ. ಮೋಡಕ್ಕೆ ಬೇಸರಪಡಬೇಕಾಗಿಲ್ಲ. ಇಟ್ಟಿಗೆ ಗೋಡೆ, ಮರದ ಹಲಗೆಯ ಮನೆ, ಮನುಷ್ಯರ ಮುಖ ಮೂರಕ್ಕೂ ಆ ಮೆತ್ತಗಿನ ಬೆಳಕು ಒಳ್ಳೆಯದು. ಬೇಸಿಗೆಯಲ್ಲಿ ಗುಡ್ಡದ ಮರಗಳು ಎಲೆ ತುಂಬಿಕೊಂಡು ಕಾರ್ಖಾನೆಯನ್ನು ಮರೆಮಾಡುತ್ತವೆ. ನವೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ಬೋಳು ಕೊಂಬೆಗಳ ನಡುವಿನಿಂದ ಊರಿನ ಎಲುಬಿನ ಗೂಡು ಪೂರ್ತಿಯಾಗಿ ಕಾಣುತ್ತದೆ. ಹಿಮ ಬಿದ್ದಿದ್ದರೆ ಕ್ಯಾಮೆರಾದ ಮೀಟರು ಮೋಸಹೋಗಿ ಹಿಮವನ್ನು ಬೂದಿಬಣ್ಣಕ್ಕಿಳಿಸುತ್ತದೆ, ಆದ್ದರಿಂದ ಎಕ್ಸ್‌ಪೋಶರನ್ನು ಒಂದರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಇಮ್ಮಡಿ ಬೆಳಕು) ಏರಿಸಿ.

ಚಳಿ ಬ್ಯಾಟರಿಯನ್ನು ಬೇಗ ಬರಿದಾಗಿಸುತ್ತದೆ. ಹೆಚ್ಚುವರಿ ಬ್ಯಾಟರಿಯನ್ನು ಚೀಲದಲ್ಲಿಡದೆ ಅಂಗಿಯ ಒಳಜೇಬಿನಲ್ಲಿಡಿ. ಮೈಯ ಬಿಸಿ ತಾಗಿದರೆ ಸತ್ತಂತಿದ್ದ ಬ್ಯಾಟರಿಯೂ ಇನ್ನಷ್ಟು ಚಿತ್ರಗಳಿಗೆ ಚೇತರಿಸಿಕೊಳ್ಳುತ್ತದೆ. ಹೊರಗಿನ ಚಳಿಯಿಂದ ಬೆಚ್ಚಗಿನ ಮನೆಯೊಳಗೆ ಕ್ಯಾಮೆರಾ ತರುವ ಮೊದಲು ಅದನ್ನು ಬಾಯಿ ಬಿಗಿಯುವ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಒಂದೆರಡು ಗಂಟೆ ಹಾಗೆಯೇ ಬಿಡಿ. ಇಲ್ಲವಾದರೆ ಲೆನ್ಸಿನ ಒಳಗೆಲ್ಲ ನೀರಿನ ಹನಿ ಕಟ್ಟುತ್ತದೆ. ಎಸಿ ಕೋಣೆಯಿಂದ ಮೇ ತಿಂಗಳ ಸೆಖೆಗೆ ಕ್ಯಾಮೆರಾ ತಂದಾಗ ಏನಾಗುತ್ತದೆಂದು ಬಲ್ಲ ನಮಗೆ ಇದು ಅರ್ಥವಾಗುವ ಸಂಗತಿಯೇ.

ಎಲ್ಲಿ ನಿಲ್ಲಬಹುದು

ಅಮೆರಿಕದಲ್ಲಿ ಸಾರ್ವಜನಿಕ ಬೀದಿಯಲ್ಲಿ ನಿಂತು, ಅಲ್ಲಿಂದ ಕಣ್ಣಿಗೆ ಕಾಣುವುದರ ಚಿತ್ರ ತೆಗೆಯುವುದಕ್ಕೆ ಸಾಮಾನ್ಯವಾಗಿ ಕಾನೂನಿನ ಅಡ್ಡಿಯಿಲ್ಲ. ಕಾರ್ಖಾನೆಯ ಕಾವಲುಗಾರ ಬಂದು ವಿಚಾರಿಸಿದರೆ ನೀವು ಯಾರು, ಏನು ಮಾಡುತ್ತಿದ್ದೀರಿ ಎಂದು ಶಾಂತವಾಗಿ ಹೇಳಿ, ತೆಗೆದ ಚಿತ್ರವನ್ನು ತೋರಿಸಿ, ವಾದಕ್ಕಿಳಿಯದೆ ಸ್ವಲ್ಪ ದೂರ ಸರಿಯುವುದು ವಿವೇಕ. ಪರದೇಶದಲ್ಲಿ ಹಕ್ಕನ್ನು ಸಾಧಿಸುವುದಕ್ಕಿಂತ ಚಿತ್ರವನ್ನು ಉಳಿಸಿಕೊಳ್ಳುವುದು ಮುಖ್ಯ. ಬೇಲಿ ದಾಟಿದೊಡನೆ ಮಾತು ಬೇರೆಯಾಗುತ್ತದೆ. ಖಾಲಿ ಮನೆಗೂ, ಮುಚ್ಚಿದ ಕಾರ್ಖಾನೆಗೂ, ಹುಲ್ಲು ಬೆಳೆದ ರೈಲು ಹಳಿಗೂ ಮಾಲೀಕರಿದ್ದಾರೆ. ಅಲ್ಲಿಯ ಹಳಿಗಳು ಹೆಚ್ಚಾಗಿ ಖಾಸಗಿ ಸರಕು ರೈಲು ಕಂಪನಿಗಳ ಆಸ್ತಿ, ಅವುಗಳ ಮೇಲೆ ನಡೆಯುವುದು ಅತಿಕ್ರಮಣ, ಮೇಲಾಗಿ ಜೀವಕ್ಕೆ ಅಪಾಯ. ಪಾಳುಮನೆಯ ಮರದ ನೆಲ ಕುಸಿಯುತ್ತದೆ, ಹಳೆಯ ಕಾರ್ಖಾನೆಯ ಪೈಪುಗಳಿಗೆ ಸುತ್ತಿದ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಕುಲುಮೆಯನ್ನು ಒಳಗಿನಿಂದ ನೋಡಬೇಕೆಂಬ ಆಸೆ ಇರುವವರಿಗೆ ನೇರವಾದ ದಾರಿಯೇ ಇದೆ: ಬ್ರಾಡಕ್‌ನ ಹತ್ತಿರ ನದಿಯ ಅದೇ ದಂಡೆಯಲ್ಲಿರುವ ಕ್ಯಾರಿ ಫರ್ನೇಸ್ 1982ರಲ್ಲಿ ಮುಚ್ಚಿ, 2006ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವಾಯಿತು, ಚಳಿಯಿಲ್ಲದ ತಿಂಗಳುಗಳಲ್ಲಿ ಟಿಕೆಟು ಪಡೆದು ಮಾರ್ಗದರ್ಶಕರೊಂದಿಗೆ ಒಳಗೆ ಹೋಗಬಹುದು. ಪ್ರವಾಸಿ ವೀಸಾದಲ್ಲಿ ಹೋದವರು ಹಣ ಪಡೆದು ಚಿತ್ರ ತೆಗೆಯುವ ಕೆಲಸ ಒಪ್ಪಿಕೊಳ್ಳುವಂತಿಲ್ಲ ಎಂಬುದೂ ನೆನಪಿರಲಿ.

ಮಂಗಳೂರಿನಲ್ಲಿಯೂ ಇದೇ ನಿಯಮ. ಮುಚ್ಚಿದ ಹಂಚಿನ ಕಾರ್ಖಾನೆಗೆ ಮಾಲೀಕರ ಅನುಮತಿಯಿಲ್ಲದೆ ಹೋಗಬೇಡಿ. ಮಳೆಗಾಲ ಕಳೆದ ಮೇಲೆ ಹುಲ್ಲಿನಲ್ಲಿ ಹಾವು, ತಲೆಯ ಮೇಲೆ ರೀಪು ಕೊಳೆತ ಮಾಡು ಎರಡೂ ಇರುತ್ತವೆ.

ಜನರ ಜೊತೆ

ಈ ಕೆಲಸದ ಹೃದಯ ಇಲ್ಲಿದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಲಟೋಯಾ ರೂಬಿ ಫ್ರೇಜಿಯರ್ 1982ರಲ್ಲಿ ಬ್ರಾಡಕ್‌ನಲ್ಲಿ ಹುಟ್ಟಿದ ಛಾಯಾಗ್ರಾಹಕಿ. ಆಕೆ ಕಾರ್ಖಾನೆಯಿಂದ ಆರಂಭಿಸಲಿಲ್ಲ. ತನ್ನ ಅಜ್ಜಿ, ತಾಯಿ, ತಾನು, ಈ ಮೂರು ತಲೆಮಾರಿನ ಹೆಂಗಸರನ್ನು ಮನೆಯೊಳಗೆ, ಹಾಸಿಗೆಯ ಪಕ್ಕದಲ್ಲಿ, ಕನ್ನಡಿಯ ಮುಂದೆ, ಕಾಯಿಲೆಯ ನಡುವೆ ಚಿತ್ರಿಸುತ್ತ ಹೋದರು. ಊರಿನ ಆಸ್ಪತ್ರೆ 2010ರಲ್ಲಿ ಮುಚ್ಚಿ ಬಳಿಕ ನೆಲಸಮವಾದಾಗ, ಅದರ ವಿರುದ್ಧ ಜನ ಬೀದಿಗಿಳಿದುದನ್ನೂ ಕಟ್ಟಡ ಕೆಡವಿದುದನ್ನೂ ಆಕೆ ದಾಖಲಿಸಿದರು. ಅದೇ ವರ್ಷ ಜೀನ್ಸ್ ಕಂಪನಿಯೊಂದು ತನ್ನ ಜಾಹೀರಾತಿಗೆ ಬ್ರಾಡಕ್‌ನ ಬೀದಿಗಳನ್ನೇ ಆಯ್ದುಕೊಂಡಿತ್ತು. ಒಂದೇ ಊರು, ಒಂದೇ ವರ್ಷ, ಎರಡು ಬಗೆಯ ಚಿತ್ರಗಳು: ಇವನ್ನು ಎದುರುಬದುರು ಇಟ್ಟು ನೋಡಿದರೆ ಕುಸಿತವೆಂಬುದು ಯಾರ ಮೈಮೇಲೆ ನಡೆಯುತ್ತದೆ ಎಂಬುದು ತಿಳಿಯುತ್ತದೆ. ಊರಿನ ಹೊರಗಿನವರಾದ ನಮಗೆ ಫ್ರೇಜಿಯರ್ ನಿಂತ ಜಾಗದಲ್ಲಿ ನಿಲ್ಲುವುದು ಸಾಧ್ಯವಿಲ್ಲ. ಆದರೆ ಕೆಲಸ, ಮನೆ, ಆರೋಗ್ಯ ಇವನ್ನು ಬೇರೆಬೇರೆಯಾಗಿ ನೋಡಬಾರದೆಂಬ ಅವರ ದೃಷ್ಟಿಯನ್ನು ನಾವು ಖಂಡಿತ ಒಯ್ಯಬಹುದು. ಹಂಚಿನ ಕಾರ್ಖಾನೆಯಲ್ಲಿ ದುಡಿದ ಹೆಂಗಸರು, ಮನೆಯ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ ಮನೆ ನಡೆಸಿದ ಹೆಂಗಸರು ನಮ್ಮ ಓಣಿಗಳಲ್ಲಿಯೂ ಇದ್ದಾರೆ. ಆದರೂ ಕಾರ್ಖಾನೆಯ ಚಿತ್ರವೆಂದರೆ ಚಿಮ್ನಿಯ ಚಿತ್ರವೆಂದೇ ನಾವು ತಿಳಿದುಕೊಂಡಿದ್ದೇವೆ.

ಹೊಸ ಊರಿನಲ್ಲಿ ಮೊದಲ ದಿನ ಕ್ಯಾಮೆರಾ ಹೊರತೆಗೆಯಬೇಡಿ. ಜನ ತಾವಾಗಿಯೇ ಸೇರುವ ಕಡೆ ಹೋಗಿ ಕೂತುಕೊಳ್ಳಿ: ಗ್ರಂಥಾಲಯ, ಕ್ಷೌರದಂಗಡಿ, ಚರ್ಚಿನ ಊಟ. ಈಸ್ಟರ್‌ಗೆ ಮೊದಲಿನ ಉಪವಾಸದ ವಾರಗಳಲ್ಲಿ ಪಿಟ್ಸ್‌ಬರ್ಗ್ ಸುತ್ತಲಿನ ಚರ್ಚುಗಳೂ ಅಗ್ನಿಶಾಮಕ ಠಾಣೆಗಳೂ ಪ್ರತಿ ಶುಕ್ರವಾರ ಹುರಿದ ಮೀನಿನ ಊಟ ಮಾರುತ್ತವೆ. ಉದ್ದನೆಯ ಮೇಜಿನಲ್ಲಿ ಅಪರಿಚಿತರು ಪಕ್ಕಪಕ್ಕ ಕೂತು ತಿನ್ನುವ ಆ ಜಾಗದಲ್ಲಿ ಮೀನಿನ ಊರಿನವರಾದ ನಮಗೆ ಮಾತಿಗೆ ವಿಷಯದ ಕೊರತೆಯಾಗದು. ನಿಮ್ಮ ಊರಿನಲ್ಲಿಯೂ ಕಾರ್ಖಾನೆಗಳು ಮುಚ್ಚಿವೆ ಎಂದು ಹೇಳಿ, ಮೊಬೈಲಿನಲ್ಲಿ ಹಂಚಿನ ಕಾರ್ಖಾನೆಯ ಚಿತ್ರ ತೋರಿಸಿ. ಸಂದರ್ಶನಕ್ಕೆ ಬಂದವರೆಂಬ ಬಿಗಿ ಅಲ್ಲಿಗೆ ಸಡಿಲಾಗುತ್ತದೆ.

ಪ್ರಶ್ನೆಗಳು ಸಣ್ಣವಾಗಿರಲಿ. “ಕಾರ್ಖಾನೆ ಮುಚ್ಚಿದಾಗ ನಿಮಗೆ ಹೇಗನ್ನಿಸಿತು?” ಎಂದು ಕೇಳಿದರೆ, ಟಿವಿಯವರಿಗೆ ಆಗಲೇ ಹಲವು ಸಲ ಕೊಟ್ಟ ಉತ್ತರವೇ ಬರುತ್ತದೆ. “ನೀವು ಪಾಳಿಗೆ ಯಾವ ಗೇಟಿನಿಂದ ಹೋಗುತ್ತಿದ್ದಿರಿ?”, “ರಾತ್ರಿಪಾಳಿಯ ಬುತ್ತಿಯಲ್ಲಿ ಏನಿರುತ್ತಿತ್ತು?”, “ಸಂಬಳದ ದಿನ ಮೊದಲು ಯಾವ ಅಂಗಡಿಗೆ ಹೋಗುತ್ತಿದ್ದಿರಿ?”, “ಈಗ ಔಷಧಿಗೆ ಎಲ್ಲಿಗೆ ಹೋಗುತ್ತೀರಿ, ಬಸ್ಸು ಎಷ್ಟು ಹೊತ್ತಿಗಿದೆ?” ಎಂದು ಕೇಳಿ. ಒಂದೊಂದು ಉತ್ತರವೂ ನಿಮ್ಮನ್ನು ಒಂದು ನಿರ್ದಿಷ್ಟ ಜಾಗಕ್ಕೆ ಕಳಿಸುತ್ತದೆ, ಅಲ್ಲಿ ನಿಮ್ಮ ಚಿತ್ರವಿರುತ್ತದೆ. ಇಲ್ಲಿ ಜೆಪ್ಪು, ಬೋಳಾರಗಳಲ್ಲಿ ನಿವೃತ್ತರನ್ನು ಮಾತಾಡಿಸುವಾಗಲೂ ಹೀಗೆಯೇ: ತುಳುವಿನಲ್ಲೋ ಕೊಂಕಣಿಯಲ್ಲೋ ಅವರ ಮನೆಮಾತಿನಲ್ಲೇ ಆರಂಭಿಸಿ, ಯಾವ ವಿಭಾಗದಲ್ಲಿದ್ದರು, ಪ್ರೆಸ್ಸಿನಲ್ಲೋ, ಒಣಗಿಸುವ ಅಟ್ಟಳಿಗೆಯಲ್ಲೋ, ಗೂಡಿನ ಬೆಂಕಿಯ ಹತ್ತಿರವೋ ಎಂದು ಕೇಳಿದರೆ ಕೈಗಳು ತಾವಾಗಿಯೇ ಆ ಕೆಲಸದ ಚಲನೆಯನ್ನು ತೋರಿಸತೊಡಗುತ್ತವೆ.

ಮನುಷ್ಯರ ಚಿತ್ರ ತೆಗೆಯುವಾಗ ಸುಕ್ಕುಗಟ್ಟಿದ ಕೈ, ದೂರ ನೋಡುವ ಕಣ್ಣು ಇವುಗಳ ಹಿಂದೆ ಹೋಗಬೇಡಿ. ಎಲ್ಲಿ ನಿಲ್ಲಬೇಕು, ಏನು ಉಡಬೇಕು, ಯಾರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು ಎಂಬ ನಿರ್ಧಾರವನ್ನು ಅವರಿಗೇ ಬಿಡಿ. ಅಮೆರಿಕದ ಬಫಲೊ ನಗರದಲ್ಲಿ ಕಣ್ಣಿನ ತಪಾಸಣೆ ಮಾಡಿ ಜೀವನ ನಡೆಸಿದ ಮಿಲ್ಟನ್ ರೊಗೊವಿನ್ ಹೀಗೆಯೇ ಮಾಡಿದವರು. ಉಕ್ಕಿನ ಕಾರ್ಮಿಕರನ್ನು ಮೊದಲು ಕಾರ್ಖಾನೆಯಲ್ಲಿ, ಬಳಿಕ ಅವರದೇ ಮನೆಯಲ್ಲಿ ಚಿತ್ರಿಸಿ ಎರಡನ್ನೂ ಜೋಡಿಯಾಗಿ ಇಟ್ಟರು. ನಗರದ ಲೋವರ್ ವೆಸ್ಟ್ ಸೈಡ್‌ನ ನಿವಾಸಿಗಳನ್ನು 1972ರಿಂದ ಮೊದಲ್ಗೊಂಡು ಮೂರು ದಶಕಗಳುದ್ದಕ್ಕೂ ಮತ್ತೆ ಮತ್ತೆ ಹುಡುಕಿಕೊಂಡು ಹೋಗಿ ಚಿತ್ರಿಸಿದರು, ಪ್ರತಿಗಳನ್ನು ಅವರಿಗೇ ಕೊಟ್ಟರು. ಮುದ್ರಿಸಿದ ಪ್ರತಿ ಕೊಡುವುದನ್ನು ಸೌಜನ್ಯವೆಂದು ತಿಳಿಯದೆ ಕೆಲಸದ ಒಂದು ಹಂತವೆಂದೇ ತಿಳಿಯಿರಿ. ಅಲ್ಲಿಯ ಔಷಧದಂಗಡಿಗಳಲ್ಲೇ ಒಂದು ಗಂಟೆಯೊಳಗೆ ಮುದ್ರಿಸಿ ಕೊಡುತ್ತಾರೆ. ಕೈಯಲ್ಲಿ ಪ್ರತಿ ಹಿಡಿದು ಎರಡನೆಯ ಸಲ ಬಾಗಿಲು ತಟ್ಟಿದವರಿಗೆ ಸಿಗುವ ಚಿತ್ರ ಮೊದಲ ಸಲದ್ದಕ್ಕಿಂತ ಯಾವಾಗಲೂ ಮೇಲು. ಮಕ್ಕಳ ಚಿತ್ರಕ್ಕೆ ತಂದೆತಾಯಿಯ ಒಪ್ಪಿಗೆ ಬೇಕೇ ಬೇಕು.

ಹಳೆಯ ಚಿತ್ರದ ಜಾಗಕ್ಕೆ ಮರಳುವುದು

ಚಿಲಿಯಲ್ಲಿ ಹುಟ್ಟಿದ ಕಮೀಲೊ ಹೊಸೆ ವೆರ್ಗಾರ 1970ರ ದಶಕದಿಂದ ಗ್ಯಾರಿ, ಡೆಟ್ರಾಯಿಟ್, ಕ್ಯಾಮ್ಡೆನ್ ನಗರಗಳ ಅದೇ ಮೂಲೆಗಳಿಗೆ ಮರಳಿ ಮರಳಿ ಹೋಗಿ ಚಿತ್ರಿಸಿದ್ದಾರೆ. ಒಂದು ಚಿತ್ರ ಪಾಳು ಕಟ್ಟಡವನ್ನಷ್ಟೇ ತೋರಿಸುತ್ತದೆ. ಅದೇ ಜಾಗದ ನಾಲ್ಕು ಚಿತ್ರಗಳು ಅಂಗಡಿ ಚರ್ಚಾದುದನ್ನು, ಚರ್ಚು ಖಾಲಿಯಾದುದನ್ನು, ಖಾಲಿ ನಿವೇಶನದಲ್ಲಿ ಯಾರೋ ತರಕಾರಿ ಬೆಳೆದುದನ್ನು ತೋರಿಸಬಲ್ಲವು. ಒಂದೇ ಪ್ರವಾಸಕ್ಕೆ ಹೋಗುವವರೂ ಈ ವಿಧಾನವನ್ನು ಅನುಸರಿಸಬಹುದು, ಏಕೆಂದರೆ ಮೊದಲ ಚಿತ್ರ ಬೇರೆಯವರದಾಗಿರಬಹುದು.

ಹಳೆಯ ಚಿತ್ರದ ಪ್ರತಿಯೊಂದನ್ನು ಕೈಯಲ್ಲಿಟ್ಟುಕೊಂಡು ಜಾಗಕ್ಕೆ ಹೋಗಿ. ಚಿತ್ರದಲ್ಲಿ ಹತ್ತಿರದ ವಸ್ತುವೊಂದರ ಅಂಚು ದೂರದ ವಸ್ತುವೊಂದನ್ನು ಮುಟ್ಟುವ ಬಿಂದುವನ್ನು ಹುಡುಕಿ. ಉದಾಹರಣೆಗೆ ಮನೆಯ ಮಾಡಿನ ತುದಿ ಚರ್ಚಿನ ಗೋಪುರದ ಕಿಟಕಿಯನ್ನು ಮುಟ್ಟುವ ಕಡೆ. ನೀವು ಬಲಕ್ಕೆ ಸರಿದರೆ ಹತ್ತಿರದ ಮಾಡು ಗೋಪುರಕ್ಕೆ ಹೋಲಿಸಿದಾಗ ಎಡಕ್ಕೆ ಸರಿಯುತ್ತದೆ, ಎಡಕ್ಕೆ ಸರಿದರೆ ಬಲಕ್ಕೆ. ಆ ಎರಡು ಅಂಚುಗಳು ಚಿತ್ರದಲ್ಲಿದ್ದಂತೆಯೇ ಕೂಡುವವರೆಗೆ ಹೆಜ್ಜೆ ಹೆಜ್ಜೆಯಾಗಿ ಸರಿಯಿರಿ, ಬಳಿಕ ಇನ್ನೊಂದು ಜೋಡಿ ಅಂಚನ್ನು ಹಿಡಿದು ಮುಂದೆ ಹಿಂದೆ ಸರಿಯಿರಿ. ಎರಡೂ ಕೂಡಿದ ಕಡೆ ಹಳೆಯ ಛಾಯಾಗ್ರಾಹಕರ ಟ್ರೈಪಾಡ್ ನಿಂತಿತ್ತು. ಲೆನ್ಸಿನ ಎತ್ತರ, ದಿಕ್ಕು, ಸಮಯ, ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ, ಪಾದಚಾರಿ ಮಾರ್ಗದಲ್ಲಿ ಟ್ರೈಪಾಡ್ ಕಾಲು ಊರಿದ ಜಾಗದ ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಈ ಅಭ್ಯಾಸವನ್ನು ಮಂಗಳೂರಿನಲ್ಲೇ ಮಾಡಿಕೊಂಡು ಹೋಗಬಹುದು: ಬಾಸೆಲ್ ಮಿಷನ್ನಿನ ಹಳೆಯ ಛಾಯಾಚಿತ್ರಗಳನ್ನು ಸ್ವಿಟ್ಜರ್‌ಲೆಂಡಿನ ಅದರ ಪತ್ರಾಗಾರ ಅಂತರ್ಜಾಲದಲ್ಲಿ ಇಟ್ಟಿದ್ದು, ಅದರಲ್ಲಿ ನಮ್ಮ ಊರಿನ ಹಂಚಿನ ಕಾರ್ಖಾನೆ, ನೇಯ್ಗೆ ಶಾಲೆಗಳ ಚಿತ್ರಗಳೂ ಇವೆ.

ಆಯ್ಕೆ ಮತ್ತು ಅಡಿಬರಹ

ಮನೆಗೆ ಬಂದು ಚಿತ್ರಗಳನ್ನು ಆಯುವಾಗ ಮೊದಲು ಮಾಡಬೇಕಾದುದು, ಯಾವ ಊರಿನಲ್ಲಾದರೂ ತೆಗೆಯಬಹುದಾಗಿದ್ದ ಚಿತ್ರಗಳನ್ನು ಬದಿಗಿಡುವುದು. ಬಳಿಕ ಉಳಿದುವುಗಳಲ್ಲಿ ಇಂದು ನಡೆಯುತ್ತಿರುವ ಕೆಲಸ ಕಾಣುತ್ತಿದೆಯೇ ಎಂದು ನೋಡಿ: ಬಸ್ಸು ಚಾಲಕಿ, ಬ್ಯಾಟರಿಯಿಂದ ಹಿಡಿದು ಬ್ರೆಡ್ಡಿನವರೆಗೆ ಎಲ್ಲ ಮಾರುವ ಮೂಲೆಯಂಗಡಿ, ಪಾಳಿ ಮುಗಿಸಿ ಗೇಟಿನಿಂದ ಹೊರಬರುವ ಇಂದಿನ ಉಕ್ಕಿನ ಕಾರ್ಮಿಕ. ಅಂಥದೊಂದೂ ಇಲ್ಲದಿದ್ದರೆ ಚಿತ್ರಮಾಲೆ ಅಪೂರ್ಣ. ಕಪ್ಪುಬಿಳುಪಿಗೆ ತಿರುಗಿಸುವ ಆಕರ್ಷಣೆ ಬಲವಾಗಿರುತ್ತದೆ, ನನ್ನ ಅಭಿಪ್ರಾಯದಲ್ಲಿ ಹೊರಗಿನವರು ಬಣ್ಣದಲ್ಲಿಯೇ ಉಳಿಯುವುದು ಒಳ್ಳೆಯದು. ಕಪ್ಪುಬಿಳುಪು ನೋಡುಗರಿಗೆ ಇದು ಹಿಂದಿನ ಕಾಲ ಎಂದು ಹೇಳಿಬಿಡುತ್ತದೆ, ಆ ಜನರಾದರೋ ಈಗಿನ ಕಾಲದಲ್ಲಿ ಬದುಕುತ್ತಿದ್ದಾರೆ. ನೆರಳುಗಳನ್ನು ಕಡುಕಪ್ಪಾಗಿಸಿ, ಆಕಾಶವನ್ನು ಗಾಢಗೊಳಿಸಿ ಊರನ್ನು ಭಯಾನಕವಾಗಿ ತೋರಿಸುವುದಂತೂ ಬೇಡ.

ಅಡಿಬರಹದಲ್ಲಿ ವಿಶೇಷಣಗಳಿಗಿಂತ ವಿವರಗಳಿರಲಿ. ಬೀದಿಯ ಹೆಸರು, ತಿಂಗಳು, ವರ್ಷ, ಆ ಜಾಗದಲ್ಲಿ ಹಿಂದೆ ಏನಿತ್ತು ಎಂಬ ಒಂದು ಸಾಲು, ಮನುಷ್ಯರಿದ್ದರೆ ಅವರು ಒಪ್ಪಿದಷ್ಟೇ ಹೆಸರು ಮತ್ತು ಅವರ ಕೆಲಸ. “ಭೂತದ ಊರು”, “ಮರೆತುಹೋದ ಜನ” ಎಂದೆಲ್ಲ ಬರೆಯಬೇಡಿ. ಅಲ್ಲಿ ವಾಸವಾಗಿರುವವರು ಊರನ್ನು ಮರೆತಿಲ್ಲ. ಬರೆದ ಅಡಿಬರಹವನ್ನು ಪ್ರಕಟಿಸುವ ಮೊದಲು ಚಿತ್ರದಲ್ಲಿರುವವರಿಗೆ ಇಂಗ್ಲಿಷಿನಲ್ಲಿ ಕಳಿಸಿ ಓದಿಸಿ, ಅವರು ತಿದ್ದಿದರೆ ತಿದ್ದಿಕೊಳ್ಳಿ, ಬೇಡವೆಂದರೆ ಆ ಚಿತ್ರವನ್ನು ಬಿಡಿ. ಕಡೆಯಲ್ಲಿ ಮೂಲ ಕಡತಗಳನ್ನು ಎರಡು ಬೇರೆಬೇರೆ ಡಿಸ್ಕುಗಳಲ್ಲಿ ಇಟ್ಟು, ಆಯ್ದ ಚಿತ್ರಗಳ ಒಂದು ಮುದ್ರಿತ ಕಟ್ಟನ್ನು ಅಡಿಬರಹಸಮೇತ ಆ ಊರಿನ ಗ್ರಂಥಾಲಯಕ್ಕೋ ಚರಿತ್ರೆಯ ಸಂಘಕ್ಕೋ ಅಂಚೆಯಲ್ಲಿ ಕಳಿಸಿ. ಕಳಿಸುವ ಮೊದಲು ಅವರು ಸ್ವೀಕರಿಸುತ್ತಾರೆಯೇ, ಯಾವ ಅಳತೆಯ ಪ್ರತಿ ಬೇಕು ಎಂದು ಪತ್ರ ಬರೆದು ಕೇಳಿಕೊಳ್ಳಿ, ಮತ್ತು ಪ್ರತಿ ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ದಿನಾಂಕ ಹಾಗೂ ಸ್ಥಳವನ್ನು ಬರೆಯಿರಿ. ಶಾಯಿ ಕಾಲಾಂತರದಲ್ಲಿ ಕಾಗದದ ಮುಂಬದಿಗೆ ಇಳಿಯುತ್ತದೆ.